ದೊರೆಯ ಮೌನಕ್ಕೆ ಕತ್ತರಿ

ರೇಡಿಯೋ ನಾಟಕಕ್ಕೆ ಮರುಜೀವ ಕೊಡುತ್ತೇವೆ ಎಂದು ಯಾರಾದರೂ ಬಂದರೆ ನನಗೆ ಮೊದಲು ಬರುವುದು ವಾಕರಿಕೆ. ಆಮೇಲೆ ಸಿಟ್ಟು. ಆಮೇಲೆ, ವಯಸ್ಸಾಯಿತಲ್ಲ, ಸುಸ್ತು.

ಒಬ್ಬ ಬಂದಿದ್ದ. ನಾಟಕದುದ್ದಕ್ಕೂ ಗೊರಗೊರ ಸದ್ದು ಹಾಕುತ್ತಾನಂತೆ, ಹಳೇ ರೇಡಿಯೋ ಫೀಲ್ ಬರಬೇಕಂತೆ. ಅಲ್ಲಯ್ಯಾ, ಆ ಗೊರಗೊರ ಬರಬಾರದು ಅಂತ ತಾನೇ ನಾವು ಗಂಜಿ ಹಾಕಿದ ಅಂಗಿ ತೊಡದೆ, ಹೆಂಗಸರು ಬಳೆ ಬಿಚ್ಚಿಟ್ಟು, ಸ್ಕ್ರಿಪ್ಟಿನ ಪಿನ್ನು ಕಿತ್ತು, ಓದಿ ಮುಗಿದ ಒಂದೊಂದೇ ಹಾಳೆಯನ್ನು ಮಗು ಮಲಗಿಸುವ ಹಾಗೆ ನೆಲಕ್ಕೆ ಬಿಟ್ಟು ಆಯುಷ್ಯ ಸವೆಸಿದ್ದು! ಇನ್ನೊಬ್ಬಳು ಬಂದು ನನ್ನ ಫೋಟೊ ಕೇಳಿದಳು. ಮುಖ ನೋಡಿ ಪಾತ್ರ ಹಂಚುತ್ತಾಳಂತೆ, ಕಿವಿಗೆ ಆಡುವ ನಾಟಕಕ್ಕೆ. ನನ್ನ ಮುಖ ನೋಡಿದರೆ ಯಾವ ಪಾತ್ರ ಸಿಗುತ್ತದೆ ಎಂದು ನನಗೆ ಗೊತ್ತು. ಬಾಗಿಲು ಹಾಕಿಕೊಂಡೆ.

ಆಮೇಲೆ ಒಬ್ಬ ಅಕ್ಕ, ಅವಳ ತಮ್ಮ ಬಂದರು. ಇವರು ಬೇರೆ ಥರ ಎಂದುಕೊಂಡೆ. ಅಲ್ಲೇ ನಾನು ಎಡವಿದ್ದು.

ಅಕ್ಕ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಮೇಜಿನ ಹಿಂದೆ ಕೂರುವವಳು. ಬಾಯಿ ಊದಿಕೊಂಡು ಬಂದವರನ್ನೆಲ್ಲ ನೋಡಿಯೋ ಏನೋ, ಮಾತಿನ ಬೆಲೆ ಗೊತ್ತಿತ್ತು. ಚೆನ್ನಾಗಿ ಬರೆಯುತ್ತಿದ್ದಳು. ಅವಳ ತಮ್ಮ, ಜನರ ಮದುವೆ ವಿಡಿಯೋ ಎಡಿಟ್ ಮಾಡುವವನು. ಕೊರಳಲ್ಲಿ ಸದಾ ಹೆಡ್‌ಫೋನು ನೇತಾಡುತ್ತಿತ್ತು, ಹಾಗಾಗಿ ನಾನು ಅವನಿಗಿಟ್ಟ ಹೆಸರೇ ಹೆಡ್‌ಫೋನ್. ಯಾವ ಕಂಪನಿಯ ಹಂಗೂ ಇಲ್ಲದೆ, ತಮ್ಮ ಫ್ಲಾಟಿನಲ್ಲೇ ರೆಕಾರ್ಡ್ ಮಾಡಿ, ಜನ ಫೋನಿನಲ್ಲಿ ಕೇಳುವ ಹಾಗೆ ನಾಟಕ ಬಿಡುತ್ತೇವೆ ಎಂದರು.

ಅವಳು ಬರೆದದ್ದು ಎರಡೇ ಪಾತ್ರದ ನಾಟಕ. ಅಣ್ಣ ಕೋಣೆಯೊಳಗೆ ಚಿಲಕ ಹಾಕಿಕೊಂಡಿದ್ದಾನೆ. ತಮ್ಮ ಹೊರಗೆ ನಿಂತು ತೆಗೆಯೋ ಎಂದು ಅಂಗಲಾಚುತ್ತಾನೆ. ಒಳಗಿರುವವನು ಬರೀ ಮುನಿಸಿಕೊಂಡಿದ್ದಾನೋ, ಏನಾದರೂ ಮಾಡಿಕೊಂಡುಬಿಟ್ಟನೋ ಹೊರಗಿನವನಿಗೆ ಗೊತ್ತಿಲ್ಲ. ಕೇಳುವವನಿಗೂ ಗೊತ್ತಿಲ್ಲ. ಕಣ್ಣಿಗೆ ತೋರಿಸಿದರೆ ಕೆಡುವ ನಾಟಕ, ಕಿವಿಗೆಂದೇ ಹುಟ್ಟಿದ್ದು. ಓದಿ ಮುಗಿಸಿದಾಗ ನನ್ನ ಕಾಫಿ ಆರಿ ಕೆನೆ ಕಟ್ಟಿತ್ತು.

"ತಮ್ಮನ ಪಾತ್ರ ನಾನು ಮಾಡ್ತೀನಿ. ಅಣ್ಣನಿಗೆ ಯಾರು?" ಎಂದೆ.

"ನೀವೇ ಹೇಳಿ ಅಂಕಲ್."

"ಒಬ್ಬ ಇದಾನೆ. ಆದ್ರೆ ಅವನು ಮಾತಾಡಲ್ಲ."

"ಮಾತಾಡದೇ ಇರೋರನ್ನ ಇಟ್ಕೊಂಡು ಆಡಿಯೋ ನಾಟಕಾನಾ?" ಎಂದು ಹೆಡ್‌ಫೋನ್ ನಕ್ಕ.

"ನೀನು ಸ್ವಲ್ಪ ಬಾಯ್ಮುಚ್ಕೊಂಡಿರ್ತೀಯಾ?" ಎಂದಳು ಅಕ್ಕ.

ನಾನು ಹೇಳಿದ್ದು ದೊರೆಯ ವಿಷಯ. ನಾವಿಬ್ಬರೂ ರೇಡಿಯೋದಲ್ಲಿ ಒಂದೇ ವರ್ಷ ಸೇರಿದವರು. ಆಳು ನೋಡಿದರೆ ಬಟ್ಟೆ ಅಂಗಡಿಯಲ್ಲಿ ಅಳತೆ ಟೇಪು ಹಿಡಿದು ನಿಂತವನ ಹಾಗೆ ಪುಟ್ಟ ಮನುಷ್ಯ. ಬಾಯಿ ತೆಗೆದರೆ ಸಿಂಹಾಸನದಿಂದ ಇಳಿದು ಬಂದ ಹಾಗೆ. ರಾಜ, ನ್ಯಾಯಾಧೀಶ, ಮನೆಯ ಹಿರಿಯ, ಎಲ್ಲ ಅವನ ಪಾಲು. ಹೆಸರು ಮರೆತು ಎಲ್ಲರೂ ದೊರೆ ಎಂದೇ ಕರೆಯುತ್ತಿದ್ದರು. ನನ್ನ ಪಾಲಿಗೆ ಬಂದದ್ದು ವಿಷ ಹಾಕುವ ಮಂತ್ರಿ, ಚಾಡಿಕೋರ ಭಾವಮೈದುನ. ಅದಕ್ಕೇ ಅವನು ನನ್ನನ್ನು ಕೇಡಿ ಎನ್ನುತ್ತಿದ್ದ. ಎದುರೆದುರು ಮೈಕಿನಲ್ಲಿ ನಾವು ಒಬ್ಬರನ್ನೊಬ್ಬರು ಎಷ್ಟು ಸಲ ಕೊಂದಿದ್ದೇವೋ ಲೆಕ್ಕವಿಲ್ಲ.

ಹೋದ ವರ್ಷ ಅವನಿಗೆ ಸ್ಟ್ರೋಕ್ ಆಯಿತು. ಕೈಕಾಲು ಒಂದು ಮಟ್ಟಿಗೆ ಬಂದವು. ಬುದ್ಧಿ ಕಿಂಚಿತ್ತೂ ಮಾಸಲಿಲ್ಲ, ನನ್ನನ್ನು ಇಸ್ಪೀಟಿನಲ್ಲಿ ಈಗಲೂ ಸೋಲಿಸುತ್ತಾನೆ. ಮಾತು ಮಾತ್ರ ಒಂದು ಪದ ಬಂದು, ಇನ್ನೊಂದಕ್ಕೆ ಕಾಯಬೇಕು. ದನಿ ಅದೇ, ಆ ತೂಕವೂ ಅದೇ. ಆದರೆ ಪದಕ್ಕೂ ಪದಕ್ಕೂ ನಡುವೆ ಒಂದು ಬಯಲು. ಆ ಬಯಲಲ್ಲಿ ಅವನೊಬ್ಬನೇ ನಿಂತು ಒದ್ದಾಡುವುದನ್ನು ನೋಡಲಾರದೆ ಎಲ್ಲರೂ ಪದ ಎಸೆಯುತ್ತಿದ್ದರು. ಅವನು "ನೀ" ಎಂದರೆ ಸಾಕು, ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, "ನೀರಾ? ಕೊಡ್ಲಾ? ಬಿಸೀದಾ ತಣ್ಣಗಿಂದಾ?" ಎಂದು ಸುರಿಮಳೆ ಸುರಿಸುವರು. ಅವನು ಹೇಳಹೊರಟದ್ದು ನೀಲಿ ಅಂಗಿಯೋ, ನೀನು ಹಾಳಾಗಿ ಹೋಗು ಎಂದೋ, ಯಾರಿಗೆ ಗೊತ್ತು? ಬರಬರುತ್ತ ಬಾಯಿ ತೆಗೆಯುವುದನ್ನೇ ಬಿಟ್ಟ.

ಮಾತಿನ ಅಭ್ಯಾಸ ಮಾಡಿಸಲು ಮನೆಗೆ ಬರುವ ಟೀಚರು ಅತ್ತಿಗೆಗೂ ನನಗೂ ಖಡಾಖಂಡಿತವಾಗಿ ಹೇಳಿದ್ದರು. "ಯಾರೂ ಅವರ ಮಾತನ್ನ ಪೂರ್ತಿ ಮಾಡ್ಬೇಡಿ. ಎಷ್ಟೊತ್ತಾದ್ರೂ ಕಾಯಿರಿ. ಬಳಸಿದ್ರೆ ಮಾತು ಬರುತ್ತೆ. ಬಿಟ್ಟುಬಿಟ್ರೆ ಈಗ ಇರೋದೂ ಹೋಗುತ್ತೆ, ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ."

ಅದಕ್ಕೇ ನಾನು ಸ್ಕ್ರಿಪ್ಟು ತೆಗೆದುಕೊಂಡು ಹೋಗಿ ಅವನ ಮಡಿಲಿಗೆ ಹಾಕಿದೆ.

"ಲೋ ದೊರೆ, ನಿನಗೊಂದು ಪಾತ್ರ ಬಂದಿದೆ. ಆ ಪಾತ್ರ ಬೇಗ ಬೇಗ ಮಾತಾಡಿದ್ರೆ ನಾಟಕ ಕೆಟ್ಟು ಕೆರ ಹಿಡಿಯುತ್ತೆ. ನಿನ್ನ ಬಿಟ್ರೆ ಇನ್ಯಾರೂ ಮಾಡಕ್ಕಾಗಲ್ಲ."

ಅವನು ಓದಿದ. ಬೆರಳಿಟ್ಟು ಓದಿದ. ಕೊನೆಯ ಹಾಳೆ ಮುಗಿಸಿ ನನ್ನ ಮುಖ ನೋಡಿದ.

"ಬಾಗಿಲ... ಆಚೆ... ಯಾರು?"

"ನಾನೇ."

"ಕೇಡಿ... ಬಂದ್ರೆ..." ಅತ್ತಿಗೆ ಬಾಯಿ ಹಾಕಲು ಹೊರಟರು. ನಾನು ಕೈ ಎತ್ತಿ ತಡೆದೆ. "...ತೆಗೆಯಲ್ಲ."

ನಕ್ಕು ನಕ್ಕು ನನಗೆ ಕೆಮ್ಮು ಬಂತು. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ಪೂರ್ತಿಯಾಗಿ ಹೊರಬಂದ ಮಾತು ಅದು. ನನಗೆ ಬೈಯಲು ಬಂತು ನೋಡಿ.

ಸಂಜೆಯಾದರೆ ತಾಲೀಮು. ದಿನದಿನಕ್ಕೂ ಅವನ ಬಾಯಿ ಸಡಿಲವಾಗುತ್ತ ಬಂತು. ಬಯಲು ಇದ್ದೇ ಇತ್ತು, ಆದರೆ ಅದರಲ್ಲಿ ಅವನು ಒದ್ದಾಡುತ್ತಿರಲಿಲ್ಲ, ನಡೆಯುತ್ತಿದ್ದ. ತರಕಾರಿಯವಳ ಹತ್ತಿರ ತಾನೇ ಮಾತಾಡಿದನಂತೆ. ಬದನೆಕಾಯಿ ಹುಳುಕು ಎಂದು ಹೇಳಿ ಮುಗಿಸುವಷ್ಟರಲ್ಲಿ ಅವಳು ಅದನ್ನು ತೂಗಿ ಚೀಲಕ್ಕೆ ಹಾಕಿಯಾಗಿತ್ತು. ಆದರೂ ಹೇಳಿದ. ತೆಗೆಸಿ ಬೇರೆ ಹಾಕಿಸಿದ.

ರೆಕಾರ್ಡಿಂಗು ಅಕ್ಕ, ತಮ್ಮನ ಮಲಗುವ ಕೋಣೆಯಲ್ಲಿ. ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದಲ್ಲ, ಅದಕ್ಕೆ ಮಂಚದ ಹಾಸಿಗೆಯನ್ನು ಕಿಟಕಿಗೆ ಒರಗಿಸಿದ್ದರು. ಗೋಡೆಯಲ್ಲಿ ಹುದುಗಿಸಿದ ದೊಡ್ಡ ಬಟ್ಟೆ ಬೀರುವೊಳಗೆ ಸ್ಟೂಲು ಹಾಕಿ ದೊರೆಯನ್ನು ಕೂರಿಸಿದರು. ಸುತ್ತ ಕೋಟು, ಸ್ವೆಟರು, ಕಂಬಳಿ. ಯಾರದೋ ಜಾಕೆಟ್ಟಿನ ತೋಳು ಅವನ ತಲೆ ಮೇಲೆ ಆಶೀರ್ವಾದ ಮಾಡುವ ಹಾಗೆ ಬಿದ್ದಿತ್ತು. ಇಡೀ ರಾಜ್ಯ ಆಳಿದವನು ಬೀರುವಿನೊಳಗೆ. ನಾನು ನಗಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಪಾತ್ರದೊಳಗೆ ಇಳಿದುಬಿಟ್ಟಿದ್ದ.

ಫ್ರಿಜ್ಜು ಗುಂಯ್ ಅನ್ನುತ್ತದೆಂದು ಪ್ಲಗ್ಗು ಕಿತ್ತರು. ಮೇಲಿನ ಮನೆಯವರಿಗೆ ಮಿಕ್ಸಿ ಹಾಕಬೇಡಿ ಎಂದು ಅಕ್ಕ ಕೈಮುಗಿದು ಬಂದಳು. ಅತ್ತಿಗೆ ಆಚೆ ಹಾಲ್‌ನಲ್ಲಿ ಕೂತಿದ್ದರು. ನಾನು ಬೀರುವಿನ ಬಾಗಿಲ ಹೊರಗೆ ಇನ್ನೊಂದು ಮೈಕಿನ ಮುಂದೆ.

ನಾಟಕದ ಕೊನೆಗೆ ಬಂದೆವು. ತಮ್ಮ ಬೇಡಿ ಬೇಡಿ ಸೋತಿದ್ದಾನೆ. ಕಡೆಯದಾಗಿ ಕೇಳುತ್ತಾನೆ.

"ಅಣ್ಣಾ, ತೆಗೀತೀಯೋ ಇಲ್ವೋ?"

ಬೀರುವಿನಿಂದ ಏನೂ ಬರಲಿಲ್ಲ. ನಾನು ಬಾಗಿಲನ್ನೇ ನೋಡುತ್ತ ನಿಂತೆ. ಎದೆ ಹೊಡೆದುಕೊಳ್ಳತೊಡಗಿತು, ಪಾತ್ರದ್ದೋ ನನ್ನದೋ ತಿಳಿಯದು. ಒಳಗೆ ಅವನಿಗೆ ಮತ್ತೆ ಏನಾದರೂ ಆಗಿಹೋಯಿತೇ? ಬಾಗಿಲು ತೆಗೆದುಬಿಡೋಣ ಎಂದು ಕೈ ಮುಂದೆ ಹೋಯಿತು. ಅಕ್ಕ ಬಾಯಿಗೆ ಅಂಗೈ ಒತ್ತಿಕೊಂಡಿದ್ದಳು. ಆಗ ಬಂತು.

"ತೆಗೀತೀನಿ."

ಒಂದೇ ಪದ, ಇಡಿಯಾಗಿ, ಎಲ್ಲಿಂದಲೋ ಭಾರ ಹೊತ್ತು ತಂದು ಇಳಿಸಿದ ಹಾಗೆ. ನಾನು ಈ ಕೆಲಸದಲ್ಲಿ ಅಂಥದ್ದನ್ನು ಕೇಳಿರಲಿಲ್ಲ. ಹೆಡ್‌ಫೋನ್ ಕೂಡ ಕಿವಿಯಿಂದ ಹೆಡ್‌ಫೋನು ತೆಗೆದು ಸುಮ್ಮನೆ ನಿಂತ. ಹೋಗಲಿ, ಇವನಿಗೂ ಅರ್ಥವಾಯಿತು ಎಂದುಕೊಂಡೆ. ಮಣ್ಣಂಗಟ್ಟಿ.

ನಾಟಕ ಬಿಡುಗಡೆಯಾದ ದಿನ ದೊರೆಯ ಮನೆಯಲ್ಲಿ ಕೂತು ಕೇಳಿದೆವು. ಅಕ್ಕಪಕ್ಕದವರನ್ನೂ ಅತ್ತಿಗೆ ಕರೆದಿದ್ದರು. ಫೋನನ್ನು ಸ್ಪೀಕರಿಗೆ ಸೇರಿಸಿ ಮೇಜಿನ ಮೇಲಿಟ್ಟರು. ಶುರುವಾದ ಗಳಿಗೆಯಲ್ಲೇ ಏನೋ ಎಡವಟ್ಟಾಗಿದೆ ಎಂದು ನನ್ನ ಕಿವಿ ಹೇಳಿತು. ಎಲ್ಲ ಬೇಗ ಬೇಗ ನಡೆಯುತ್ತಿತ್ತು. ದೊರೆ ಪಟಪಟ ಮಾತಾಡುತ್ತಿದ್ದ. ಮಾತಿಗೆ ಮಾತು ಅಂಟಿಕೊಂಡಿತ್ತು. ಉಸಿರು ಕೂಡ ಇರಲಿಲ್ಲ ಸ್ವಾಮಿ, ಇಬ್ಬರೂ ಶ್ವಾಸಕೋಶವಿಲ್ಲದೆ ಹುಟ್ಟಿದವರ ಹಾಗೆ.

"ಅಣ್ಣಾ, ತೆಗೀತೀಯೋ ಇಲ್ವೋ?"

"ತೆಗೀತೀನಿ."

ತಟ್ಟನೆ! ಕೊರಿಯರ್‌ನವನು ಬೆಲ್ಲು ಒತ್ತಿದರೆ ಒಳಗಿಂದ ಹೇಳುತ್ತಾರಲ್ಲ, ಹಾಗೆ. ಕೇಳಿದ ತಕ್ಷಣ ತೆಗೆಯುತ್ತೇನೆ ಎನ್ನುವ ಅಣ್ಣನ ಮುಂದೆ ನಾನು ಯಾಕೆ ಎದೆ ಹರಿದುಕೊಂಡು ಅಳುತ್ತಿದ್ದೇನೆ? ಕುಡಿದಿದ್ದೇನೆ ಎಂದೇ ಕೇಳುವವರು ತಿಳಿಯಬೇಕು. ಒಂದು ಜೀವ ಇದೆಯೋ ಹೋಯಿತೋ ಎನ್ನುವ ನಾಟಕ, ಇಬ್ಬರು ಮುದುಕರ ಬಚ್ಚಲುಮನೆ ಜಗಳವಾಗಿತ್ತು. ಊಟದ ತಟ್ಟೆಯಲ್ಲಿ ಕೂದಲು ಸಿಕ್ಕಿದರೆ ಆಗುತ್ತದಲ್ಲ, ಆ ಹೇಸಿಗೆ.

ಬಾಯಿ ತೆಗೆಯಬೇಕು ಎನ್ನುವಷ್ಟರಲ್ಲಿ ದೊರೆಯ ಮುಖ ಕಂಡಿತು. ಅವನ ಕಣ್ಣಲ್ಲಿ ನೀರು. ಬೆರಳು ಎತ್ತಿ, ಇನ್ನೊಮ್ಮೆ ಎಂದು ಸನ್ನೆ ಮಾಡಿದ.

"ಕೇಳಿದ್ರಾ? ಕೇಳಿದ್ರಾ? ಮೊದ್ಲು ಹೇಗಿತ್ತೋ ಹಾಗೇ!" ಅತ್ತಿಗೆ ಕುಣಿಯುವುದೊಂದು ಬಾಕಿ.

"ಪೂರ್ತಿ ಹುಷಾರಾಗಿದಾರೆ ಬಿಡಿ, ಇನ್ನೇನು," ಎಂದರು ಪಕ್ಕದ ಮನೆಯವರು.

ನಾನು ಎದ್ದೆ. ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಅಕ್ಕ, ತಮ್ಮನ ಫ್ಲಾಟಿಗೆ ಹೋದೆ.

"ಯಾರೋ ಅದು ಕತ್ತರಿ ಹಾಕಿದ್ದು?"

ಹೆಡ್‌ಫೋನ್ ಕಂಪ್ಯೂಟರಿನಲ್ಲಿ ಯಾರದೋ ಮದುವೆ ಹೆಣ್ಣಿನ ಕೆನ್ನೆಗೆ ಬಣ್ಣ ತುಂಬುತ್ತಿದ್ದ. "ಅಂಕಲ್, ಅದು ನಾನಲ್ಲ. ಸಾಫ್ಟ್‌ವೇರಲ್ಲಿ ಸೈಲೆನ್ಸ್ ತೆಗೆಯೋ ಬಟನ್ ಇದೆ. ಖಾಲಿ ಜಾಗ ಅದೇ ಹುಡುಕಿ ಹುಡುಕಿ ತೆಗೆದುಬಿಡುತ್ತೆ. ಉಸಿರು ಗಿಸಿರು ಎಲ್ಲ ಕ್ಲೀನ್."

"ಬಟನ್ ಒತ್ತಿದ್ದು ಯಾರು?"

"ನಾನೇ."

"ಮತ್ತೆ ನಾನಲ್ಲ ಅಂತೀಯಾ!"

"ಜನ ಕಾಯಲ್ಲ ಅಂಕಲ್. ಮದುವೆ ವಿಡಿಯೋದಲ್ಲೂ ಅಷ್ಟೇ, ಬೋರ್ ಹೊಡೆಯೋ ಭಾಗ ಕತ್ತರಿಸದೇ ಇದ್ರೆ ಮದುಮಗಳೇ ನೋಡಲ್ಲ. ಖಾಲಿ ಬಂತು ಅಂದ್ರೆ ಫೋನ್ ಕೆಟ್ಟಿದೆ ಅನ್ಕೊಂಡು ಮುಂದಕ್ಕೆ ಹೋಗ್ತಾರೆ."

"ಖಾಲೀನಾ? ಅದನ್ನ ಖಾಲಿ ಅಂದ್ಯಾ? ನೀನು ಅಲ್ಲೇ ನಿಂತಿದ್ಯಲ್ಲೋ, ಹೆಡ್‌ಫೋನ್ ತೆಗೆದು ಕಂಬದ ಹಾಗೆ ನಿಂತಿದ್ಯಲ್ಲ!"

"ಅದಾ? ಕಿವಿ ಬೆವರ್ತಿತ್ತು ಅಂಕಲ್."

ಥೂ ಎಂದು ಉಗುಳಬೇಕು ಅನ್ನಿಸಿತು. ನೆಲ ಅವರಕ್ಕ ಒರೆಸಿದ್ದು ಎಂದು ಸುಮ್ಮನಾದೆ. ಅವಳ ಕಡೆ ತಿರುಗಿದೆ. "ನೀನಾದ್ರೂ ಬಿಡೋಕೆ ಮುಂಚೆ ಕೇಳಿ ನೋಡ್ಲಿಲ್ವೇನಮ್ಮಾ? ಬರೆದೋಳು ನೀನು."

"ಕ್ಲಿನಿಕ್ಕಲ್ಲಿ ರಜ ಸಿಗ್ಲಿಲ್ಲ ಅಂಕಲ್. ಇವನು ಎಲ್ಲ ಸರಿಯಾಗಿದೆ ಅಂದ. ಬಸ್ಸಲ್ಲಿ ಕೂತು ಕೇಳ್ದೆ, ಅರ್ಧಕ್ಕೇ ನಿಲ್ಲಿಸಿಬಿಟ್ಟೆ." ಅವಳ ಮುಖ ಸಪ್ಪಗಾಗಿತ್ತು. ಸಪ್ಪಗಾದರೆ ಏನು ಬಂತು? ತನ್ನ ನಾಟಕವನ್ನು ತಾನೇ ಕಿವಿಯಿಟ್ಟು ಕೇಳದವಳು ಕಿವಿಯ ನಾಟಕವನ್ನು ಉಳಿಸಲು ಹೊರಟಿದ್ದಳು.

ಹೆಡ್‌ಫೋನಿಗೆ ಆಗ ಒಂದು ಉಪಾಯ ಹೊಳೆಯಿತು. ಅವನ ಕಣ್ಣು ಮಿಂಚಿದ್ದು ನೋಡಿಯೇ ನನಗೆ ಭಯವಾಯಿತು.

"ಒಂದು ಕೆಲ್ಸ ಮಾಡೋಣ ಅಂಕಲ್. ಕತ್ತರಿಸದೇ ಇರೋದನ್ನೂ ಬಿಡೋಣ. ಆದ್ರೆ ಅದಕ್ಕೆ ಮುಂಚೆ ಅವರ ಸ್ಟ್ರೋಕ್ ಕಥೆ ಹಾಕೋಣ. ಅವರು ಕಷ್ಟಪಟ್ಟು ಮಾತಾಡೋದು, ಆಂಟಿ ಅಳೋದು, ಹಿಂದೆ ಸಣ್ಣಗೆ ಪಿಯಾನೋ. ಜನ ಅತ್ತು ಅತ್ತು ಹಂಚ್ಕೋತಾರೆ."

"ಅವನ ಕಾಯಿಲೇನ ಪ್ರದರ್ಶನಕ್ಕೆ ಇಡ್ತೀಯಾ? ನಡಿಯೋಕೆ ಬರ್ದೇ ಇರೋ ಆನೇನ ರಸ್ತೇಲಿ ತಂದು ನಿಲ್ಲಿಸ್ತಾರಲ್ಲ, ಹಾಗೆ?"

"ಸುಮ್ನಿರೋ ಸಾಕು!" ಅಕ್ಕ ಕಿರುಚಿದಳು. ಅವನನ್ನು ಕುರ್ಚಿಯಿಂದ ಎಬ್ಬಿಸಿ, ತಾನೇ ಕೂತು, ಕತ್ತರಿ ತಾಗದ ರೆಕಾರ್ಡಿಂಗನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ನಾನು ಒಂದು ಥ್ಯಾಂಕ್ಸ್ ಕೂಡ ಹೇಳದೆ ಮೆಟ್ಟಿಲಿಳಿದೆ.

ಇದಿಷ್ಟೇ ಆಗಿದ್ದರೆ ನಾಟಕ ಕೆಟ್ಟಿತು ಎಂದು ಎದ್ದು ಹೋಗುತ್ತಿದ್ದೆ. ಕೆಟ್ಟ ನಾಟಕ ನಾನು ಮಾಡದ್ದಲ್ಲ. ಹಾಳಾಗಿದ್ದು ದೊರೆ.

ಅವನು ಮಾತು ನಿಲ್ಲಿಸಿದ. ಪೂರ್ತಿ ನಿಲ್ಲಿಸಿದ. ಫೋನಿನೊಳಗೆ ಒಬ್ಬ ದೊರೆ ಇದ್ದಾನಲ್ಲ, ನೀರು ಕುಡಿದಷ್ಟು ಸಲೀಸಾಗಿ ಮಾತಾಡುವವನು, ಇನ್ನು ಈ ತೊದಲುವ ಮುದುಕ ಯಾಕೆ? ಮನೆಗೆ ಯಾರೇ ಬರಲಿ, ಹೇಗಿದ್ದೀರಿ ಎಂದು ಕೇಳಿದರೆ ಫೋನು ಮುಂದೆ ಹಿಡಿದು ನಾಟಕ ಹಾಕುತ್ತಿದ್ದ. ಬಂದವರು ಆಹಾ ಎನ್ನುವರು. ಅವನು ತಲೆದೂಗುವನು. ತರಕಾರಿಯವಳಿಗೂ ಅದನ್ನೇ ಕೇಳಿಸಿದ. ಅವಳು ಪಾಪ ಪೂರ್ತಿ ಕೇಳಿ ಹುಳುಕು ಬದನೆಕಾಯಿ ಕೊಟ್ಟು ಹೋದಳು.

ಒಂದು ದಿನ ನಾನಿದ್ದಾಗಲೇ ಅತ್ತಿಗೆ ಅಡುಗೆಮನೆಯಿಂದ, "ರೀ, ಬೆಲ್ ಆಗ್ತಿದೆ, ಸ್ವಲ್ಪ ಬಾಗಿಲು ತೆಗೀತೀರಾ?" ಎಂದು ಕೂಗಿದರು. ದೊರೆ ಫೋನಿನಲ್ಲಿ ಆ ಜಾಗ ಹುಡುಕಿ ಒತ್ತಿದ. "ತೆಗೀತೀನಿ," ಎಂದಿತು ಫೋನು. ಅವನು ನನ್ನ ಕಡೆ ನೋಡಿ ಕಣ್ಣು ಹೊಡೆದ. ಅತ್ತಿಗೆ ಒಳಗಿಂದ ನಗುತ್ತಿದ್ದರು. ನನಗೋ ಸತ್ತವರ ಹಲ್ಲಿನ ಸೆಟ್ಟು ಹಾಕಿಕೊಂಡು ಊಟಕ್ಕೆ ಕೂತವನನ್ನು ನೋಡಿದ ಹಾಗಾಯಿತು.

ಟೀಚರು ಬಂದ ದಿನವೂ ಅದೇ. ಇವತ್ತು ಏನು ತಿಂದಿರಿ ಎಂದು ಕೇಳಿದರು. ಅವನು ಫೋನು ಎತ್ತಿದ.

"ಫೋನ್ ಬೇಡ. ನೀವು ಹೇಳಿ," ಎಂದರು. ಅವನು ಬಾಯಿ ತೆರೆದ. ಮೊದಲು ಬರುತ್ತಿದ್ದ ಆ ಒಂದು ಪದವೂ ಬರಲಿಲ್ಲ. ತುಟಿ ಅದುರಿ, ಮುಚ್ಚಿಕೊಂಡಿತು. ಟೀಚರು ಬಾಗಿಲ ತನಕ ಬಂದು ನನಗೆ ಹೇಳಿದರು. "ಇನ್ನು ಸ್ವಲ್ಪ ದಿನ ಹೀಗೇ ಬಿಟ್ರೆ ನನ್ನನ್ನ ಕರೆಸೋದು ದಂಡ. ಯಾರಾದ್ರೂ ಆ ಫೋನ್ ಕಿತ್ಕೊಳ್ಳಿ."

ಅತ್ತಿಗೆಗೆ ಹೇಳಿದರೆ ನನ್ನ ಮೇಲೇ ತಿರುಗಿಬಿದ್ದರು. "ನಿಮಗ್ಯಾಕೆ ಹೊಟ್ಟೆಕಿಚ್ಚು? ಅವರು ನಕ್ಕು ವರ್ಷವಾಗಿತ್ತು, ಗೊತ್ತಾ? ಈಗ ಬೆಳಗ್ಗೆ ಎದ್ದು ತಲೆ ಬಾಚ್ಕೋತಾರೆ. ಜನ ಬರ್ತಾರೆ ಅಂತ ಇಸ್ತ್ರಿ ಅಂಗಿ ಕೇಳ್ತಾರೆ."

"ಕೇಳ್ತಾರಾ? ಬಾಯಲ್ಲಿ ಕೇಳ್ತಾರಾ?"

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಅವರನ್ನಾದರೂ ಏನು ಅನ್ನಲಿ? ಅಸಹ್ಯ ಹುಟ್ಟಿದ್ದು ಅವರ ಮೇಲಲ್ಲ. ಒಬ್ಬ ಮನುಷ್ಯ ಒದ್ದಾಡಿ ದುಡಿದು ಸಂಪಾದಿಸಿದ ಮಾತನ್ನು ಒಂದು ಬಟನ್ನು ತೊಳೆದು ಚೊಕ್ಕ ಮಾಡಿ ಅವನಿಂದಲೇ ಕಿತ್ತುಕೊಂಡಿತ್ತು, ಅದನ್ನು ನೋಡಿದವರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು.

ಮರುದಿನ ಬೆಳಗ್ಗೆಯೇ ಹೋದೆ. ಅತ್ತಿಗೆ ಊಟದ ಮೇಜಿನಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದರು. ದೊರೆ ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲಿ ಫೋನು ಹಿಡಿದು ರೆಡಿಯಾಗಿದ್ದ. ನಾನು ಎದುರಿಗೆ ಕೂತು ನನ್ನ ಫೋನು ತೆಗೆದೆ.

"ಇವತ್ತು ನಿನ್ನದು ಬೇಡ. ನನ್ನದು ಕೇಳು," ಎಂದು ಕತ್ತರಿ ತಾಗದ ರೆಕಾರ್ಡಿಂಗು ಹಾಕಿದೆ.

ಮೊದಲನೇ ಮಾತಿಗೇ ಅವನ ಮುಖ ಇಳಿಯಿತು. ಎರಡನೇ ಪದಕ್ಕೆ ಕಾಯಬೇಕಾಗಿ ಬಂದಾಗ ಕೈ ಚಾಚಿದ, ನಿಲ್ಲಿಸು ಎಂದು. ನಾನು ಫೋನನ್ನು ದೂರ ಹಿಡಿದೆ. ಅವನು ಕತ್ತು ಆಚೆ ತಿರುಗಿಸಿದ. ಕಿವಿ ಕೆಂಪಾಗಿತ್ತು.

"ಯಾಕ್ರೀ ಹಿಂಸೆ ಕೊಡ್ತೀರಾ? ನಿಲ್ಸಿ!" ಎಂದರು ಅತ್ತಿಗೆ.

"ನಿಲ್ಸಲ್ಲ."

ನಾಟಕ ನಡೆಯಿತು. ಆ ಬಯಲುಗಳೆಲ್ಲ ಒಂದೊಂದಾಗಿ ಬಂದವು. ಅತ್ತಿಗೆ ನಾರು ತೆಗೆಯುವುದನ್ನು ಮರೆತು ಕಿವಿಗೊಟ್ಟು ಕೂತರು. ರೆಕಾರ್ಡಿಂಗ್ ದಿನ ಆಚೆ ಹಾಲ್‌ನಲ್ಲಿದ್ದರಲ್ಲ, ಅವರು ಇದನ್ನು ಕೇಳೇ ಇರಲಿಲ್ಲ. ಕೊನೆಗೆ ನನ್ನ ದನಿ ಬಂತು. "ಅಣ್ಣಾ, ತೆಗೀತೀಯೋ ಇಲ್ವೋ?"

ಮೌನ.

ಅತ್ತಿಗೆಯ ಕೈ ಎದೆಗೆ ಹೋಯಿತು. ಗಂಡ ಎದುರಿಗೇ ಕೂತಿದ್ದಾನೆ, ಆದರೂ ಹೋಯಿತು. ಅವರು ಅವನನ್ನೇ ದಿಟ್ಟಿಸುತ್ತಿದ್ದರು, ಬದುಕಿದ್ದಾನೆಯೇ ಎಂದು ನೋಡುವವರ ಹಾಗೆ. ದೊರೆಯ ಕತ್ತು ಮೆಲ್ಲಗೆ ಈ ಕಡೆ ತಿರುಗಿತು. ಹುಬ್ಬು ಗಂಟಿಕ್ಕಿತು. "ತೆಗೀತೀನಿ" ಎಂದಿತು ಫೋನು, ಆ ಭಾರದೊಂದಿಗೆ, ಮತ್ತು ಅತ್ತಿಗೆ ಅಯ್ಯೋ ಎಂದು ಅತ್ತೇಬಿಟ್ಟರು. ದೊರೆ ಅಳುತ್ತಿರಲಿಲ್ಲ. ಬೆರಳು ಎತ್ತಿದ. ಸ್ಟುಡಿಯೋದಲ್ಲಿ ಯಾರಾದರೂ ತಪ್ಪಿದಾಗ ಎತ್ತುತ್ತಿದ್ದ ಬೆರಳು.

"ಹಿಂ... ದೆ."

ಹಿಂದಕ್ಕೆ ಹಾಕಿದೆ. ಮತ್ತೆ ಮೌನ ಬಂತು. ಅವನು ಫೋನಿಗೆ ಕಿವಿ ತಂದ.

"ಮ... ತ್ತೆ."

ಮತ್ತೆ ಹಾಕಿದೆ. ಅವನು ಕೂತಲ್ಲೇ ನೆಟ್ಟಗಾಗಿ ನನ್ನನ್ನು ನುಂಗುವ ಹಾಗೆ ನೋಡಿದ. ತುಟಿ ಹೊರಟಿತು, ನಿಂತಿತು, ಹೊರಟಿತು. ಅತ್ತಿಗೆ ಒಂದಕ್ಷರ ಆಡಲಿಲ್ಲ.

"ನನ್ನ... ಮೌನದಲ್ಲಿ... ನೀನ್ಯಾಕೋ... ಮೂಗು... ಎಳೀತೀಯಾ?"

"ನಾನೆಲ್ಲಿ ಎಳೆದೆ?"

"ಸೊರ್... ಸೊರ್."

"ಅದು ಪಾತ್ರ ಕಣೋ! ತಮ್ಮ ಅಳ್ತಿದಾನೆ. ಅಳು ಅದು!"

ಅವನು ತಲೆಯಾಡಿಸಿದ. ಕಾದೆ. ಎಷ್ಟು ಕಾದೆನೋ.

"ಅಳು... ಅಲ್ಲ. ನೆಗಡಿ."

ಅತ್ತಿಗೆ ಅಳುತ್ತಿದ್ದವರು ಫಕ್ಕನೆ ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷ ಮೈಕಿನ ಮುಂದೆ ನಿಂತವನಿಗೆ ನೆಗಡಿಯಂತೆ! ಅದು ಬೀರುವಿನ ಕೀಲು ಇರಬೇಕು, ಅಥವಾ ಆ ಹೆಡ್‌ಫೋನ್ ಮೂಗು ಇರಬೇಕು ಎಂದು ವಾದಿಸಿದೆ. ಈಗಲೂ ಅದನ್ನೇ ಹೇಳುತ್ತೇನೆ. ಅವನು ಒಪ್ಪಲಿಲ್ಲ. ಒಂದೊಂದು ಪದವಾಗಿ ನನ್ನ ಮಾನ ಹರಾಜು ಹಾಕಿದ. ಎಷ್ಟೋ ಹಿಂದೆ ಒಂದು ಯುದ್ಧದ ನಾಟಕದಲ್ಲಿ ಅವನು ಸಾಯುವಾಗಲೂ ನಾನು ಹೀಗೇ ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆನಂತೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಬೀನ್ಸ್ ಬೆಂದಿರಬೇಕಿತ್ತು, ಅತ್ತಿಗೆ ಒಲೆಯನ್ನೇ ಹಚ್ಚಿರಲಿಲ್ಲ. ನಾನು ಮಧ್ಯೆ ಬಾಯಿ ಹಾಕಲಿಲ್ಲ, ಅದನ್ನಾದರೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ ಅವನು ಹೇಳಿದ್ದು ಇಷ್ಟು. "ಇನ್ನೊಂದು... ಟೇಕು."

"ಆ ಹೆಡ್‌ಫೋನ್ ಹೇಸಿಗೆ ಮುಖ ಮತ್ತೆ ನೋಡ್ಬೇಕಾ ನಾನು?"

"ನೀನು... ಬೇಡ." ಕೈ ಚಾಚಿದ. "ನಂಬರ್... ಹಾಕು."

ನಂಬರು ಒತ್ತಿ ಕೊಟ್ಟೆ. ಅವನು ಫೋನನ್ನು ಕಿವಿಗೆ ಇಟ್ಟುಕೊಂಡು ಅಂಗಿಯ ಕಾಲರು ಸರಿಮಾಡಿಕೊಂಡ. ಆ ಕಡೆಯಿಂದ ಹೆಡ್‌ಫೋನ್ ದನಿ ನನಗೂ ಕೇಳಿಸುತ್ತಿತ್ತು.

"ಹಲೋ ಅಂಕಲ್, ಹೇಳಿ."

ದೊರೆಯ ತುಟಿ ಹೊರಟಿತು.

"ಹಲೋ? ಅಂಕಲ್? ಕೇಳಿಸ್ತಿಲ್ಲ... ಹಲೋ? ಹಲೋ? ಸಿಗ್ನಲ್ ಇಲ್ಲ ಅನ್ಸುತ್ತೆ."

ಫೋನ್ ಕಟ್ ಆಯಿತು.

ದೊರೆ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಅವನ ಮುಖ ಕೆಂಪೇರಿತು. ನಾನು ಮೇಜಿನ ಅಂಚು ಹಿಡಿದು ಕೂತೆ, ಅತ್ತಿಗೆ ಕೈಯಲ್ಲಿ ಬೀನ್ಸ್ ಹಿಡಿದು ಕೂತರು.

"ಅ... ಯೋ... ಗ್ಯ."

ಪೂರ್ತಿ ಬಂತು, ಸಿಂಹಾಸನದ ಮೇಲಿಂದ. ಆಮೇಲೆ ತಾನೇ ಹೆಬ್ಬೆರಳಿನಿಂದ ಅದೇ ನಂಬರನ್ನು ಮತ್ತೆ ಒತ್ತಿದ.